ಸತ್ಯ ಹೇಳಿದವನಿಗೆ ಕೂಲಿ ಎಷ್ಟು?

ಹತ್ತು-ಹನ್ನೆರಡು ವರ್ಷ ಓಡಿದ ಕಾರನ್ನು ಕಂಪನಿಯ ವರ್ಕ್‌ಶಾಪಿಗೆ ಒಯ್ಯಬೇಕೇ, ಊರಿನ ಗ್ಯಾರೇಜಿಗೆ ಬಿಡಬೇಕೇ? ಈ ಪ್ರಶ್ನೆ ಸಾಮಾನ್ಯವಾಗಿ ಖರ್ಚಿನ ಲೆಕ್ಕವಾಗಿಯೇ ಚರ್ಚೆಯಾಗುತ್ತದೆ. ಎಲ್ಲಿ ಅಗ್ಗ, ಎಲ್ಲಿ ದುಬಾರಿ ಎಂದು ಕೇಳಿ ನಾವು ಸುಮ್ಮನಾಗುತ್ತೇವೆ. ಆದರೆ ಇದರೊಳಗೆ ಲೆಕ್ಕಕ್ಕೆ ಸಿಗದ ಕೆಲವು ಸಂಗತಿಗಳಿವೆ. ನಮಗೆ ತಿಳಿಯದ ಕೆಲಸವನ್ನು ಬಲ್ಲವನ ಕೈಗೆ ಒಪ್ಪಿಸಿ ಆತ ಹೇಳಿದ್ದನ್ನು ನಂಬಬೇಕಾದ ಸ್ಥಿತಿ ಇದು. ಆತ ಪ್ರಾಮಾಣಿಕನಾಗಿರಬೇಕೆಂದು ನಾವು ಬಯಸುತ್ತೇವೆ. ಆತ ಪ್ರಾಮಾಣಿಕನಾಗಿ ಉಳಿಯಲು ನಾವೇನು ಮಾಡಿದ್ದೇವೆ ಎಂದು ಮಾತ್ರ ಕೇಳಿಕೊಳ್ಳುವುದಿಲ್ಲ. ಈ ಲೇಖನದ ವಿಷಯ ಆ ಎರಡನೆಯ ಪ್ರಶ್ನೆ.

ಮೈಸೂರು ಜಿಲ್ಲೆಯ ಸರಗೂರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಬಹುಕಾಲ ಹೆಗ್ಗಡದೇವನಕೋಟೆ ತಾಲೂಕಿನ ಹೋಬಳಿಯಾಗಿದ್ದು, ಇತ್ತೀಚೆಗೆ ತಾನೇ ತಾಲೂಕು ಕೇಂದ್ರವಾದ ಊರು. ಪಕ್ಕದಲ್ಲಿ ಕಪಿಲೆ, ಸುತ್ತ ಹತ್ತಿ, ಬಾಳೆ, ಶುಂಠಿಯ ಹೊಲಗಳು, ಆಚೆಗೆ ಬಂಡೀಪುರ ಮತ್ತು ನಾಗರಹೊಳೆಯ ಕಾಡು. ಇಂಥ ಊರುಗಳಲ್ಲಿ ಕಾರು ಈಗ ಶ್ರೀಮಂತಿಕೆಯ ಗುರುತಲ್ಲ. ಎರಡು ಮೂರು ಕೈ ಬದಲಾಗಿ ಬಂದ ಮಾರುತಿ 800 ಅಥವಾ ಆಲ್ಟೊ ಕಾರೊಂದು ತಾಯಿಯನ್ನು ಆಸ್ಪತ್ರೆಗೆ ಒಯ್ಯುತ್ತದೆ, ಗೊಬ್ಬರದ ಚೀಲ ಹೊರುತ್ತದೆ, ಮದುವೆಯ ದಿನ ಮದುಮಗನನ್ನೂ ಕೂರಿಸಿಕೊಳ್ಳುತ್ತದೆ. ಮಾರುತಿ 800 ರಸ್ತೆಗೆ ಬಂದದ್ದು 1983ರ ಡಿಸೆಂಬರಿನಲ್ಲಿ. ಅದರ ಉತ್ಪಾದನೆ ನಿಂತದ್ದು 2014ರ ಆರಂಭದಲ್ಲಿ. ಕಂಪನಿ ಮರೆತ ಕಾರನ್ನೂ ಸಣ್ಣ ಊರುಗಳು ಇನ್ನೂ ಓಡಿಸುತ್ತಿವೆ.

ಇಲ್ಲಿಯವರಿಗೆ ಕಂಪನಿಯ ವರ್ಕ್‌ಶಾಪ್ ಬೇಕೆಂದರೆ ಸಾಮಾನ್ಯವಾಗಿ ಮೈಸೂರಿನ ಕಡೆಗೇ ಮುಖ ಮಾಡಬೇಕು. ಹೋಗಿ ಬರಲು ನೂರು ಕಿಲೋಮೀಟರಿಗೂ ಹೆಚ್ಚು. ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರಾದರೆ ಪೆಟ್ರೋಲಿಗೇ ಏಳುನೂರು ರೂಪಾಯಿ ಮೀರುತ್ತದೆ. ಒಂದು ದಿನದ ದುಡಿಮೆಯೂ ಹೋಗುತ್ತದೆ. ಊರಿನ ಗ್ಯಾರೇಜಾದರೆ ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರ. ಹೀಗಿರುವಾಗ ಆಯ್ಕೆ ಸುಲಭ ಎನಿಸಬಹುದು. ಆದರೆ ದೂರ ಮತ್ತು ಹಣ ಮಾತ್ರ ಈ ಪ್ರಶ್ನೆಯನ್ನು ತೀರ್ಮಾನಿಸುವುದಿಲ್ಲ.

ಮಾರುಕಟ್ಟೆಯಲ್ಲಿ ನಾವು ಕೊಳ್ಳುವ ವಸ್ತುಗಳು ಮೂರು ಬಗೆಯವು. ಸೀರೆಯ ಬಣ್ಣವನ್ನು ಕೊಳ್ಳುವ ಮೊದಲೇ ನೋಡಬಹುದು. ಮಾವಿನ ರುಚಿ ತಿಂದ ಮೇಲೆ ತಿಳಿಯುತ್ತದೆ. ಮೂರನೆಯ ಬಗೆಯದ್ದರ ಗುಣ ಕೊಂಡು, ಬಳಸಿ, ಹಣ ಕೊಟ್ಟು ಮನೆಗೆ ಬಂದ ಮೇಲೂ ತಿಳಿಯುವುದಿಲ್ಲ. ಮೈಕೆಲ್ ಡಾರ್ಬಿ ಮತ್ತು ಎಡಿ ಕಾರ್ನಿ ಎಂಬ ಅರ್ಥಶಾಸ್ತ್ರಜ್ಞರು 1973ರಲ್ಲಿ ಈ ಮೂರನೆಯ ಬಗೆಯನ್ನು ಗುರುತಿಸಿದರು. ವೈದ್ಯರ ಸಲಹೆ ಮತ್ತು ಯಂತ್ರಗಳ ದುರಸ್ತಿ ಇದಕ್ಕೆ ಸೇರುತ್ತವೆ. ಮೆಕ್ಯಾನಿಕ್ 'ಕ್ಲಚ್ ಪ್ಲೇಟ್ ಸವೆದಿದೆ, ಬದಲಾಯಿಸಿದೆ' ಎನ್ನುತ್ತಾನೆ. ಕಾರು ಚೆನ್ನಾಗಿ ಓಡುತ್ತದೆ. ಆದರೆ ಹಳೆಯದು ನಿಜಕ್ಕೂ ಸವೆದಿತ್ತೇ? ಇನ್ನೂ ಇಪ್ಪತ್ತು ಸಾವಿರ ಕಿಲೋಮೀಟರ್ ಬರುತ್ತಿತ್ತೇ? ಅದು ನಮಗೆ ಎಂದೂ ತಿಳಿಯುವುದಿಲ್ಲ. ಇದಕ್ಕೂ ಮೊದಲು, 1970ರಲ್ಲಿ, ಜಾರ್ಜ್ ಅಕರ್ಲಾಫ್ ಹಳೆಯ ಕಾರುಗಳ ವ್ಯಾಪಾರವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಒಂದು ಪ್ರಸಿದ್ಧ ಪ್ರಬಂಧ ಬರೆದಿದ್ದರು. ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ ಒಳ್ಳೆಯ ಸರಕೇ ಕ್ರಮೇಣ ಸಂತೆಯಿಂದ ಹೊರಬೀಳುತ್ತದೆ ಎಂಬುದು ಅವರ ವಾದ. ಇಂಥ ಚಿಂತನೆಗಾಗಿ 2001ರಲ್ಲಿ ಅವರಿಗೆ ನೊಬೆಲ್ ಸ್ಮಾರಕ ಪ್ರಶಸ್ತಿಯ ಪಾಲು ಸಿಕ್ಕಿತು. ಸರಕಿನ ಬಗ್ಗೆ ಅವರು ಹೇಳಿದ್ದು ದುರಸ್ತಿಗಾರನಿಗೂ ಅನ್ವಯಿಸುತ್ತದೆ. ಪ್ರಾಮಾಣಿಕತೆಯನ್ನು ಗುರುತಿಸಲಾಗದ ಸಂತೆಯಲ್ಲಿ ಪ್ರಾಮಾಣಿಕ ಮೆಕ್ಯಾನಿಕನೇ ಮೊದಲು ಸೋಲುತ್ತಾನೆ.

ಈಗ ಕಂಪನಿಯ ವರ್ಕ್‌ಶಾಪಿನ ಪರವಾದ ಮಾತುಗಳನ್ನು ನ್ಯಾಯವಾಗಿ ಕೇಳೋಣ. ಅಲ್ಲಿ ಜಾಬ್ ಕಾರ್ಡ್ ಇದೆ, ಬಿಲ್ ಇದೆ, ಯಾವ ದಿನ ಏನು ಬದಲಾಯಿತು ಎಂಬ ದಾಖಲೆ ಇದೆ. ಅಸಲಿ ಬಿಡಿಭಾಗ ಸಿಗುತ್ತದೆ. ಎಂಜಿನ್ನಿನ ಕಂಪ್ಯೂಟರ್ ಜೊತೆ ಮಾತನಾಡುವ ಉಪಕರಣ ಇರುತ್ತದೆ. ಕಾರಿನಲ್ಲೇ ತಯಾರಿಕೆಯ ದೋಷವಿದ್ದರೆ ಕಂಪನಿ ಅದನ್ನು ವಾಪಸು ಕರೆಸಿ ಉಚಿತವಾಗಿ ಸರಿಪಡಿಸುವುದು ಅಧಿಕೃತ ವರ್ಕ್‌ಶಾಪಿನಲ್ಲಿಯೇ. ಟಕಾಟಾ ಕಂಪನಿಯ ದೋಷಪೂರ್ಣ ಏರ್‌ಬ್ಯಾಗ್‌ಗಳಿಗಾಗಿ ಜಗತ್ತಿನಾದ್ಯಂತ ಕೋಟಿಗಟ್ಟಲೆ ಕಾರುಗಳನ್ನು ಹೀಗೆ ಕರೆಸಬೇಕಾಯಿತು. ಭಾರತದ ಕಾರುಗಳೂ ಅದರಲ್ಲಿದ್ದವು. ಮೂರನೆಯ ಕೈಗೆ ಬಂದ ಕಾರಿನ ಸೂಚನಾ ಪತ್ರ ಮೊದಲ ಮಾಲೀಕನ ವಿಳಾಸಕ್ಕೆ ಹೋಗಿ ಅಲ್ಲೇ ಉಳಿದಿರಬಹುದು. ಆದ್ದರಿಂದ ಗ್ಯಾರೇಜನ್ನೇ ನಂಬಿದವರೂ ಒಮ್ಮೆಯಾದರೂ ಚಾಸಿಸ್ ಸಂಖ್ಯೆ ಕೊಟ್ಟು ಕಂಪನಿಯಲ್ಲಿ ವಿಚಾರಿಸುವುದು ಒಳ್ಳೆಯದು. ಅದಕ್ಕೆ ಖರ್ಚಿಲ್ಲ.

ಆದರೆ ಈ ವ್ಯವಸ್ಥೆಯಲ್ಲೂ ಒಂದು ತೊಡಕಿದೆ. ಗಾಜಿನ ಕೌಂಟರಿನ ಆಚೆ ಕುಳಿತು ನಮ್ಮೊಡನೆ ಮಾತನಾಡುವವರು ಕಾರಿಗೆ ಕೈ ಹಚ್ಚುವುದಿಲ್ಲ. ಕಾರಿಗೆ ಕೈ ಹಚ್ಚುವ ಹುಡುಗ ನಮ್ಮ ಮುಖ ನೋಡುವುದಿಲ್ಲ. ಮಾತನಾಡುವವರಿಗೆ ತಿಂಗಳಿಗಿಷ್ಟು ವ್ಯಾಪಾರ ತರಬೇಕೆಂಬ ಗುರಿ ಇರುವುದು ಸಾಮಾನ್ಯ. 'ನಿಮ್ಮ ಕಾರಿಗೆ ಈ ಸಲ ಎಣ್ಣೆ ಮತ್ತು ಫಿಲ್ಟರ್ ಬಿಟ್ಟು ಬೇರೇನೂ ಬೇಡ' ಎಂದು ಹೇಳಿದವರ ಗುರಿ ಹಿಂದೆ ಬೀಳುತ್ತದೆ. ಕಂಪನಿಯ ರೀತಿಯಲ್ಲಿ ಭಾಗವನ್ನು ದುರಸ್ತಿ ಮಾಡುವುದಕ್ಕಿಂತ ಇಡೀ ಜೋಡಣೆಯನ್ನೇ ಬದಲಿಸುವುದು ಹೆಚ್ಚು. ಆಲ್ಟರ್ನೇಟರಿನ ಸವೆದ ಬ್ರಷ್ ಹಾಕಿದರೆ ಸಾಕಾಗುವಲ್ಲಿ ಇಡೀ ಆಲ್ಟರ್ನೇಟರೇ ಹೊಸದಾಗಿ ಬರುತ್ತದೆ. ಹೊಸ ಕಾರಿಗೆ ಇದು ಸರಿಯಿರಬಹುದು. ಕಾರಿನ ಬೆಲೆಯೇ ಎಂಬತ್ತು ಸಾವಿರ ರೂಪಾಯಿಯಾಗಿರುವಾಗ ಇಪ್ಪತ್ತು ಸಾವಿರದ ಬಿಲ್ ಯಾವ ವಿವೇಕ?

ಗ್ಯಾರೇಜಿನ ಬಲ ಇರುವುದು ಇಲ್ಲಿಯೇ. ಸಣ್ಣ ಊರಿನಲ್ಲಿ ಮೆಕ್ಯಾನಿಕನಿಗೆ ಮುಖವಿದೆ, ಹೆಸರಿದೆ. ಆತ ಮೋಸ ಮಾಡಿದರೆ ಸಂಜೆಯೊಳಗೆ ಚಹಾದಂಗಡಿಗೆ ಸುದ್ದಿ ಮುಟ್ಟುತ್ತದೆ. ಆತನಿಗೆ ನಮ್ಮ ಕಾರಿನ ಚರಿತ್ರೆ ಗೊತ್ತು, ನಮ್ಮ ಜೇಬಿನ ಸ್ಥಿತಿಯೂ ಗೊತ್ತು. 'ಇದು ಮಳೆಗಾಲದವರೆಗೆ ಬರುತ್ತದೆ, ಬೆಳೆ ಬಂದ ಮೇಲೆ ಹಾಕಿಸಿ' ಎಂದು ಹೇಳುವ ವಿವೇಚನೆ ಯಾವ ಕಂಪ್ಯೂಟರಿಗೂ ಇಲ್ಲ. ಎಸೆಯುವುದನ್ನು ಉಳಿಸುವ, ಮುರಿದದ್ದನ್ನು ಕೂಡಿಸುವ ಈ ಕಸುಬು ಒಂದು ದೊಡ್ಡ ಸಾಮಾಜಿಕ ಉಪಕಾರವೂ ಹೌದು.

ಗ್ಯಾರೇಜಿನ ದೋಷಗಳನ್ನು ಮುಚ್ಚಿಡುವುದೂ ನ್ಯಾಯವಲ್ಲ. ಉಪಕರಣವಿಲ್ಲದೆ ಊಹೆಯಿಂದ ಒಂದೊಂದೇ ಭಾಗ ಬದಲಿಸುವುದುಂಟು. ಅಸಲಿ ಬೆಲೆಗೆ ನಕಲಿ ಬ್ರೇಕ್ ಪ್ಯಾಡ್ ಹಾಕುವವರುಂಟು. ಬಿಡಿಭಾಗದ ಅಂಗಡಿಯಿಂದ ಕಮಿಷನ್ ಪಡೆಯುವುದುಂಟು. ಪರಿಚಯವೇ ಕೆಲವೊಮ್ಮೆ ಬಾಯಿ ಕಟ್ಟುತ್ತದೆ. ದಾಕ್ಷಿಣ್ಯಕ್ಕೆ ಬಿದ್ದು ನಾವು ಹಳೆಯ ಭಾಗ ತೋರಿಸು ಎಂದು ಕೇಳುವುದಿಲ್ಲ. ದೂರು ಹೇಳಬೇಕಾದಲ್ಲಿ ಮೌನವಾಗಿ ಬೇರೆ ಗ್ಯಾರೇಜಿಗೆ ಹೋಗುತ್ತೇವೆ.

ಹಾಗಾದರೆ ಎರಡೂ ಕಡೆ ಇರುವ ರೋಗ ಒಂದೇ ಅಲ್ಲವೇ? ಒಂದು ಚಿಕ್ಕ ಪ್ರಸಂಗವನ್ನು ಕಲ್ಪಿಸಿಕೊಳ್ಳಿ. ಕಾರಿನ ಅಡಿಯಿಂದ ಕಟಕಟ ಸದ್ದು ಬರುತ್ತಿದೆ. ಮಾಲೀಕನಿಗೆ ಗೇರ್ ಬಾಕ್ಸೇ ಹೋಯಿತೆಂಬ ಭಯ. ಮೆಕ್ಯಾನಿಕ್ ಕಾರನ್ನು ಜ್ಯಾಕ್ ಮೇಲೆ ಏರಿಸಿ, ಕೆಳಗೆ ನುಸುಳಿ, ಅರ್ಧ ಗಂಟೆ ಹುಡುಕಿ, ಸೈಲೆನ್ಸರ್ ಮೇಲಿನ ತಗಡಿನ ಬೋಲ್ಟ್ ಸಡಿಲವಾಗಿರುವುದನ್ನು ಕಂಡುಹಿಡಿದು ಬಿಗಿಯುತ್ತಾನೆ. 'ಏನೂ ಆಗಿಲ್ಲ, ಇನ್ನೂರು ರೂಪಾಯಿ ಕೊಡಿ' ಎನ್ನುತ್ತಾನೆ. ಮಾಲೀಕ ಏನು ಹೇಳುತ್ತಾನೆ? 'ಒಂದು ಬೋಲ್ಟ್ ಬಿಗಿದದ್ದಕ್ಕೆ ಇನ್ನೂರೇ?' ಎಂದು ಐವತ್ತು ಕೊಟ್ಟು ಹೊರಡುತ್ತಾನೆ. ಅದೇ ಮೆಕ್ಯಾನಿಕ್ ಮೂರು ಸಾವಿರದ ಒಂದು ಭಾಗವನ್ನು ಸುಮ್ಮನೆ ಬದಲಿಸಿ ಐನೂರು ಕೂಲಿ ಕೇಳಿದ್ದರೆ ಮಾಲೀಕ ತಕರಾರಿಲ್ಲದೆ ಕೊಡುತ್ತಿದ್ದ. ಸತ್ಯ ಹೇಳಿದ್ದಕ್ಕೆ ಐವತ್ತು, ಸುಳ್ಳು ಹೇಳಿದ್ದರೆ ಐನೂರು! ಎರಡನೆಯ ಸಲ ಆತ ಏನು ಮಾಡಬೇಕೆಂದು ನಾವು ನಿರೀಕ್ಷಿಸುತ್ತೇವೆ?

ನಾವು ವಸ್ತುವಿಗೆ ಹಣ ಕೊಡುತ್ತೇವೆ, ತಿಳಿವಳಿಕೆಗೆ ಕೊಡುವುದಿಲ್ಲ. ಕೈಗೆ ಸಿಗುವ ಹೊಸ ಭಾಗ ಕಂಡರೆ ಹಣ ಸಾರ್ಥಕವೆನಿಸುತ್ತದೆ. 'ಬೇಡ' ಎಂಬ ಮಾತು ಬಿಟ್ಟಿಯಾಗಿ ಸಿಗಬೇಕೆಂದು ಬಯಸುತ್ತೇವೆ. ಆದರೆ ದುರಸ್ತಿಯ ಕಸುಬಿನಲ್ಲಿ ಅತ್ಯಂತ ಬೆಲೆಬಾಳುವ ಮಾತು ಅದೇ. ಅದನ್ನು ಹೇಳಲು ಇಪ್ಪತ್ತು ವರ್ಷಗಳ ಅನುಭವ ಬೇಕು, ಜೊತೆಗೆ ಕೈಗೆ ಬರುವ ಹಣವನ್ನು ಬಿಡುವ ಮನಸ್ಸೂ ಬೇಕು. ಆಯ್ದಕ್ಕಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಹಿಂದಿರುಗಿಸಲು ಹೇಳಿದ ಕಥೆ ಕನ್ನಡ ನಾಡಿಗೆಲ್ಲ ಗೊತ್ತು. ಆ ಕಥೆಯನ್ನು ಕಸುಬುದಾರನಿಗೆ ಉಪದೇಶಿಸುವುದು ಸುಲಭ. ಅಗತ್ಯದಷ್ಟು ನ್ಯಾಯವಾದ ಕೂಲಿಯನ್ನೇ ಕೊಡದೆ ಹೆಚ್ಚಿನದನ್ನು ಬಿಡು ಎನ್ನುವ ಅಧಿಕಾರ ನಮಗೆಲ್ಲಿದೆ?

ಇನ್ನೊಂದು ವಿಚಿತ್ರವನ್ನು ಗಮನಿಸಿ. ಮೈಸೂರಿನ ಹವಾನಿಯಂತ್ರಿತ ಕೋಣೆಯಲ್ಲಿ ಅಚ್ಚಾದ ಬಿಲ್ಲಿನಲ್ಲಿ 'ತಪಾಸಣಾ ಶುಲ್ಕ' ಎಂದು ಆರುನೂರು ರೂಪಾಯಿ ಇದ್ದರೆ ನಾವು ಚೌಕಾಸಿ ಮಾಡುವುದಿಲ್ಲ. ಅದೇ ತಪಾಸಣೆಯನ್ನು ಎಣ್ಣೆ ಮೆತ್ತಿದ ಅಂಗಿಯವನು ಬಿಸಿಲಿನಲ್ಲಿ ಮಲಗಿ ಮಾಡಿದರೆ ಐವತ್ತು ರೂಪಾಯಿಗೆ ಜಗಳವಾಡುತ್ತೇವೆ. ನಾವು ಗೌರವಿಸುತ್ತಿರುವುದು ಜ್ಞಾನವನ್ನೋ, ಗಾಜನ್ನೋ? ಬಲವಿದ್ದವನ ಮುಂದೆ ತೆಪ್ಪಗಿದ್ದು ಬಲವಿಲ್ಲದವನ ಮುಂದೆ ಚೌಕಾಸಿಗೆ ನಿಲ್ಲುವುದು ಮಿತವ್ಯಯವಲ್ಲ, ಅನ್ಯಾಯ.

ಗ್ಯಾರೇಜಿನವನ ಊಹೆಯೆಲ್ಲ ಆತನ ಅಜ್ಞಾನದಿಂದಲೇ ಹುಟ್ಟಿದ್ದಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಕಾರ್ಬ್ಯುರೇಟರ್ ಕಾಲದ ಎಂಜಿನ್ನನ್ನು ಕಿವಿಯಿಂದ ಕೇಳಿ ಸರಿಪಡಿಸಬಹುದಿತ್ತು. ಇಂಧನವನ್ನು ಕಂಪ್ಯೂಟರ್ ಅಳೆದು ಕೊಡುವ ಎಂಜಿನ್ ಬಂದ ಮೇಲೆ ದೋಷದ ಗುಟ್ಟು ಸಂಕೇತಗಳೊಳಗೆ ಸೇರಿಕೊಂಡಿತು. ಆ ಸಂಕೇತಗಳನ್ನು ಓದುವ ಉಪಕರಣ, ಕೈಪಿಡಿ, ಬಿಡಿಭಾಗಗಳನ್ನು ಅನೇಕ ಕಂಪನಿಗಳು ತಮ್ಮ ಅಧಿಕೃತ ಜಾಲದೊಳಗೇ ಇಟ್ಟುಕೊಂಡವು. 2011ರಲ್ಲಿ ಬಂದ ಒಂದು ದೂರಿನ ಮೇಲೆ ವಿಚಾರಣೆ ನಡೆಸಿದ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳ ಮೇಲೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗ ಮತ್ತು ತಪಾಸಣಾ ಉಪಕರಣಗಳು ಸ್ವತಂತ್ರ ಗ್ಯಾರೇಜುಗಳಿಗೂ ಸಿಗಬೇಕು, ಹೊರಗೆ ದುರಸ್ತಿ ಮಾಡಿಸಿದ ಮಾತ್ರಕ್ಕೆ ವಾರಂಟಿ ಪೂರ್ತಿ ರದ್ದೆಂಬ ಷರತ್ತು ಹಾಕಬಾರದು ಎಂದು ಆದೇಶಿಸಿತು. ಕಂಪನಿಗಳು ಮೇಲ್ಮನವಿಯ ಹಾದಿ ಹಿಡಿದವು. 2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 'ದುರಸ್ತಿಯ ಹಕ್ಕಿ'ಗಾಗಿ ಸಮಿತಿ ರಚಿಸಿ, ವಾಹನಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ಒಬ್ಬನ ಕಣ್ಣಿಗೆ ಬಟ್ಟೆ ಕಟ್ಟಿ ಆಮೇಲೆ ಆತನನ್ನು ಕುರುಡನೆಂದು ಹಳಿಯುವುದು ತರವಲ್ಲ.

ಈವರೆಗೆ ಇಬ್ಬರ ಬಗ್ಗೆ ಮಾತ್ರ ಮಾತನಾಡಿದೆವು. ಮೂರನೆಯವನೊಬ್ಬನಿದ್ದಾನೆ. ಆತ ನಮ್ಮ ಚೌಕಾಸಿಯಲ್ಲಿ ಪಾಲುಗೊಂಡಿಲ್ಲ. ಶಾಲೆಯಿಂದ ಮನೆಗೆ ನಡೆಯುತ್ತಿರುವ ಮಗು, ಎತ್ತಿನ ಗಾಡಿಯ ರೈತ, ಎದುರಿನಿಂದ ಬರುವ ಬೈಕ್ ಸವಾರ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ತೇವ ಹೆಚ್ಚಿದಷ್ಟೂ ಅದು ಕಡಿಮೆ ಶಾಖದಲ್ಲೇ ಕುದಿಯುತ್ತದೆ. ವಯನಾಡಿನ ಘಾಟಿಯಂಥ ಇಳಿಜಾರಿನಲ್ಲಿ ಬ್ರೇಕನ್ನು ಮತ್ತೆ ಮತ್ತೆ ಒತ್ತಿದಾಗ ಪೆಡಲ್ ಇದ್ದಕ್ಕಿದ್ದಂತೆ ಮೆತ್ತಗಾಗಬಹುದು. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸುವ ಕೆಲವು ನೂರು ರೂಪಾಯಿಯನ್ನು ಉಳಿಸಿದವನು ತನ್ನ ಹಣ ಉಳಿಸಿದ್ದೇನೆಂದು ತಿಳಿಯುತ್ತಾನೆ. ನಿಜವಾಗಿ ಆತ ಮತ್ತೊಬ್ಬನ ಜೀವವನ್ನು ಪಣಕ್ಕಿಟ್ಟಿದ್ದಾನೆ. ಎ.ಸಿ. ತಂಪಾಗದಿದ್ದರೆ, ಕಿಟಕಿಯ ಗಾಜು ಏರದಿದ್ದರೆ ಕಷ್ಟ ನಮ್ಮದು. ಅದನ್ನು ಎಷ್ಟು ಅಗ್ಗದಲ್ಲಿ ಬೇಕಾದರೂ ತೇಪೆ ಹಾಕಿಸಬಹುದು. ಬ್ರೇಕ್, ಸ್ಟೀರಿಂಗ್, ಟಯರ್, ಏರ್‌ಬ್ಯಾಗ್‌ಗಳಲ್ಲಿ ತೇಪೆಗೆ ಜಾಗವಿಲ್ಲ. ಅವುಗಳ ಕೆಲಸಕ್ಕೆ ಗ್ಯಾರೇಜಿನಲ್ಲಿ ಉಪಕರಣ ಮತ್ತು ಅಸಲಿ ಭಾಗ ಇದ್ದರೆ ಅಲ್ಲೇ ಮಾಡಿಸಬಹುದು. ಇಲ್ಲದಿದ್ದರೆ ಮೈಸೂರಿಗೆ ಹೋಗುವುದು ಅನಿವಾರ್ಯ ಕರ್ತವ್ಯ. ಹದಿನೈದು ವರ್ಷ ತುಂಬಿದ ಕಾರು ನೋಂದಣಿ ನವೀಕರಣಕ್ಕೆ ಹುಣಸೂರಿನ ಸಾರಿಗೆ ಕಚೇರಿಗೆ ಹೋಗಿ ತಪಾಸಣೆಯಲ್ಲಿ ತೇರ್ಗಡೆಯಾಗಬೇಕು. ಈ ಕೆಲಸದ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಆದರೆ ಆ ತಪಾಸಣೆಯ ದಿನಕ್ಕೆ ಮಾತ್ರ ಬ್ರೇಕ್ ಸರಿಪಡಿಸುವುದರಿಂದ ಕಾಗದಕ್ಕೆ ತೃಪ್ತಿಯಾದೀತು, ರಸ್ತೆಯಲ್ಲಿರುವವನಿಗೆ ರಕ್ಷಣೆಯಾಗದು.

ಅಗ್ಗದ ಕೂಲಿಯ ಹಿಂದೆ ಇನ್ನೊಬ್ಬನೂ ಇರಬಹುದು. ಸ್ಪ್ಯಾನರ್ ಎತ್ತಿ ಕೊಡುವ ಹನ್ನೆರಡು ವರ್ಷದ ಹುಡುಗ. ಬಾಲಕಾರ್ಮಿಕ ಕಾನೂನಿನ ನಿಷಿದ್ಧ ಕೆಲಸಗಳ ಪಟ್ಟಿಯಲ್ಲಿ ವಾಹನದ ಗ್ಯಾರೇಜುಗಳೂ ಇದ್ದವು. 2016ರ ತಿದ್ದುಪಡಿಯ ನಂತರ ಹದಿನಾಲ್ಕು ತುಂಬದ ಮಗುವನ್ನು ಗ್ಯಾರೇಜಿನಲ್ಲಿ ಮಾತ್ರವಲ್ಲ, ಯಾವ ಉದ್ಯೋಗದಲ್ಲೂ ಕೂಲಿಗೆ ಇಟ್ಟುಕೊಳ್ಳುವಂತಿಲ್ಲ. ವಾಹನ ದುರಸ್ತಿ ಮುಸ್ಲಿಮರು ಗಣನೀಯವಾಗಿ ತೊಡಗಿರುವ ಕಸುಬುಗಳಲ್ಲಿ ಒಂದು ಎಂಬುದನ್ನು 2006ರ ಸಾಚಾರ್ ಸಮಿತಿಯ ವರದಿ ಗುರುತಿಸಿತ್ತು. ಶಾಲೆ ಬಿಟ್ಟ ಹುಡುಗರಿಗೆ ಈ ಕಸುಬು ಆಸರೆಯಾಗಿದೆ ಎಂಬುದು ನಿಜ. ಆದರೆ ಶಾಲೆ ಬಿಡಿಸುವ ಆಮಿಷವೂ ಅದೇ ಆಗಬಾರದು. ಹತ್ತನೆಯ ತರಗತಿ ಮುಗಿಸಿ ಐ.ಟಿ.ಐ.ಯಲ್ಲಿ ಎರಡು ವರ್ಷ ಮೋಟಾರು ವಾಹನದ ಕಸುಬು ಕಲಿತು ಬಂದ ಯುವಕನಿಗೆ ಸಂಬಳ ಕೊಡುವ ಗ್ಯಾರೇಜು ಐವತ್ತು ರೂಪಾಯಿ ಹೆಚ್ಚು ಕೇಳಿದರೆ ಅದು ದುಬಾರಿಯಲ್ಲ.

ಇದೇ ಮಾತಿನ ಜೊತೆಗೆ, 'ನಮ್ಮವರ ಗ್ಯಾರೇಜು' ಎಂಬ ಒಂದೇ ಕಾರಣಕ್ಕೆ ಕಾರು ಬಿಡುವುದು ಅಥವಾ 'ಅವರದ್ದು' ಎಂದು ಬಿಡದಿರುವುದು ಎರಡೂ ತಪ್ಪು ಎಂದು ಹೇಳಬೇಕು. ಫಲಕದ ಮೇಲಿನ ಹೆಸರು ಚಕ್ರದ ನಟ್ಟು ಬಿಗಿದಿದೆಯೇ ಎಂದು ಹೇಳುವುದಿಲ್ಲ. ಮದೀನಾದ ಸಂತೆಯಲ್ಲಿ ಪ್ರವಾದಿ ಮುಹಮ್ಮದರು(ಸ) ಧಾನ್ಯದ ರಾಶಿಯೊಳಗೆ ಕೈಯಿಟ್ಟು, ಒಳಗೆ ಒದ್ದೆಯಿರುವುದನ್ನು ಕಂಡು, ಜನರಿಗೆ ಕಾಣುವಂತೆ ಅದನ್ನು ಮೇಲೆ ಇಡಬಾರದಿತ್ತೇ ಎಂದು ವ್ಯಾಪಾರಿಯನ್ನು ಪ್ರಶ್ನಿಸಿದ ಪ್ರಸಂಗ ಪ್ರಸಿದ್ಧವಾದದ್ದು. ಅಲ್ಲಿ ಪ್ರಶ್ನೆಗೆ ಗುರಿಯಾದವನು ತಮ್ಮದೇ ಊರಿನ ವ್ಯಾಪಾರಿ. ದೋಷವನ್ನು ಮೇಲಿಡು ಎಂಬ ನಿಯಮ ಗ್ಯಾರೇಜಿಗೂ ಒಪ್ಪುತ್ತದೆ, ಗಾಜಿನ ಕೌಂಟರಿಗೂ ಒಪ್ಪುತ್ತದೆ. ಹಳೆಯ ಕಾರನ್ನು ಮಾರಲು ಹೊರಟ ಮಾಲೀಕನಿಗೂ ಅಷ್ಟೇ ಒಪ್ಪುತ್ತದೆ.

ಬರವಣಿಗೆಯ ವಿಷಯವೂ ಹೀಗೆಯೇ. ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ ಆರಾಧನೆಯ ಬಗ್ಗೆ ಇರುವುದಲ್ಲ, ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ ಇರುವುದು. ಬರೆದಿಡುವುದು ಅಪನಂಬಿಕೆಯ ಲಕ್ಷಣವಲ್ಲ. ನೆನಪು ಮಾಸಿದಾಗಲೂ ನಂಬಿಕೆ ಉಳಿಯಲಿ ಎಂಬ ಎಚ್ಚರ ಅದು. ಗ್ಯಾರೇಜಿಗೆ ದೊಡ್ಡ ಕಂಪ್ಯೂಟರ್ ಬೇಕಿಲ್ಲ. ದಿನಾಂಕ, ಮೀಟರಿನ ಅಂಕಿ, ಹಾಕಿದ ಭಾಗ, ಕೂಲಿ, ಸಹಿ ಇರುವ ಒಂದು ಚೀಟಿ ಸಾಕು. ನೂರಿನ್ನೂರು ರೂಪಾಯಿ ಉಳಿಯುತ್ತದೆಂದು 'ಬಿಲ್ ಬೇಡ' ಎನ್ನುವ ಗ್ರಾಹಕ ನಾಳೆ ಮೈಸೂರಿನ ಗ್ರಾಹಕ ಆಯೋಗದ ಮುಂದೆ ನಿಲ್ಲಬೇಕಾಗಿ ಬಂದರೆ ಬರಿಗೈಯಲ್ಲಿ ನಿಲ್ಲುತ್ತಾನೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಸೇವೆಯ ನ್ಯೂನತೆಗೆ ಪರಿಹಾರ ಕೊಡುತ್ತದೆ. ಆದರೆ ಸೇವೆ ಪಡೆದದ್ದಕ್ಕೆ ಸಾಕ್ಷ್ಯ ಬೇಕಲ್ಲ!

ಹಾಗಾದರೆ ಎಲ್ಲಿಗೆ ಹೋಗಬೇಕು? ಕಾರಿನ ವಾರಂಟಿ ಇರುವವರೆಗೆ, ಕಂಪನಿಯೇ ಕರೆಸಿದಾಗ, ವಿಶೇಷ ಉಪಕರಣ ಬೇಕಾದಾಗ ಕಂಪನಿಯ ವರ್ಕ್‌ಶಾಪೇ ಸರಿ. ಅಲ್ಲಿ ಪಟ್ಟಿಯ ಪ್ರತಿಯೊಂದು ಸಾಲಿಗೂ 'ಇದು ಏಕೆ?' ಎಂದು ಕೇಳಲು ಸಂಕೋಚ ಬೇಡ. ವಯಸ್ಸಾದ ಕಾರಿನ ದಿನನಿತ್ಯದ ಆರೈಕೆಗೆ ಸರಗೂರಿನಂಥ ಊರಿನಲ್ಲಿ ಊರಿನ ಗ್ಯಾರೇಜೇ ನ್ಯಾಯವಾದ ಜಾಗ. ಒಂದು ಷರತ್ತು ಅಲ್ಲಿನವನಿಗೆ: ತೆಗೆದ ಭಾಗವನ್ನು ತೋರಿಸಬೇಕು, ಚೀಟಿ ಬರೆಯಬೇಕು, ತನ್ನಿಂದಾಗದ ಕೆಲಸವನ್ನು ಆಗದೆಂದು ಹೇಳಬೇಕು. ಒಂದು ಷರತ್ತು ನಮಗೆ: ನೋಡಿ ಹೇಳಿದ್ದಕ್ಕೆ, ಏನನ್ನೂ ಬದಲಿಸದಿದ್ದಾಗಲೂ, ಮೊದಲೇ ಮಾತಾದ ಕೂಲಿಯನ್ನು ಅಂದೇ ಕೊಡಬೇಕು.

ಈ ಎರಡನೆಯ ಷರತ್ತನ್ನು ನಾವು ಪಾಲಿಸಿದರೆ ಮೆಕ್ಯಾನಿಕ್‌ಗಳೆಲ್ಲ ಸಜ್ಜನರಾಗಿಬಿಡುತ್ತಾರೆ ಎಂದೇನಲ್ಲ. ಆದರೆ ಸಜ್ಜನನಾಗಿರಲು ಬಯಸುವವನಿಗೆ ಹಾಗಿದ್ದುಕೊಂಡೇ ಮಕ್ಕಳ ಶುಲ್ಕ ಕಟ್ಟಲು ಸಾಧ್ಯವಾಗುತ್ತದೆ. ಪ್ರಾಮಾಣಿಕರು ಸಿಗುವುದಿಲ್ಲ ಎಂದು ದೂರುವ ಸಮಾಜ, ಸಿಕ್ಕ ಪ್ರಾಮಾಣಿಕನ ಕೈಗೆ ತಾನು ಎಷ್ಟು ಕೂಲಿ ಇಟ್ಟಿತೆಂದು ಒಮ್ಮೆ ಎಣಿಸಿ ನೋಡಲಿ.